ಎರಡು ಮೈಯ ಜ್ಯಾಕೆಟ್ಟು

ಜಿಪ್ಪಿನ ಕೊನೆಯ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಮೈಥಿಲಿ ಜ್ಯಾಕೆಟ್ಟನ್ನು ಸರಕ್ಕನೆ ದಿಂಬಿನಡಿ ತುರುಕಿದಳು.

"ಅಮ್ಮಾ, ಫ್ಯೂನರಲ್ ಹೋಮಿಂದ ಮತ್ತೆ ಫೋನು. ಬಟ್ಟೇಲಿ ಮೆಟಲ್ ಏನೂ ಇರಬಾರದಂತೆ," ಎಂದಳು ಮಗಳು ಹರಿಪ್ರಿಯಾ, ಬಾಗಿಲಾಚೆಯಿಂದಲೇ. "ಅಪ್ಪಂಗೆ ಆ ಬ್ಲೂ ಜ್ಯಾಕೆಟ್ ಹಾಕೋಣ, ಪ್ಲೀಸ್. ಹಿ ವಾಸ್ ಆಲ್ವೇಸ್ ಆನ್ ಮೈ ಸೈಡ್."

"ನೋಡೋಣ ಇರೇ."

ಸ್ವಲ್ಪ ಹೊತ್ತಿಗೆ ಮುಂಚೆ ಮಗ ಸುಜಯ್ ಕೂಡ ಹೀಗೇ ಬಂದು ನಿಂತಿದ್ದ. ಅವನು ಕೇಳಿದ್ದು ಅಪ್ಪನ ಕೆಂಪು ಜ್ಯಾಕೆಟ್ಟು. ಅವನಿಗೂ ನೋಡೋಣ ಎಂದಿದ್ದಳು. ನೋಡುವುದೇನು ಮಣ್ಣು! ಇಬ್ಬರೂ ಕೇಳುತ್ತಿದ್ದುದು ದಿಂಬಿನಡಿಯ ಈ ಒಂದನ್ನೇ. ಒಂದು ಮೈ ಕೆಂಪು, ತಿರುಗಿಸಿದರೆ ನೀಲಿ. ಹೊಲಿದುಕೊಟ್ಟವಳು ತಾನೇ.

ಸುಜಯ್ ಓದಿದ್ದು ಸ್ಟ್ಯಾನ್‌ಫರ್ಡಿನಲ್ಲಿ, ಹರಿಪ್ರಿಯಾ ಬರ್ಕ್ಲಿಯಲ್ಲಿ. ವರ್ಷಕ್ಕೊಮ್ಮೆ ಆ ಎರಡು ಕಾಲೇಜುಗಳಿಗೆ ಫುಟ್‌ಬಾಲ್ ಪಂದ್ಯ. ಅವರು ಕೆಂಪು, ಇವರು ನೀಲಿ. ಮೊದಮೊದಲು ಅಣ್ಣತಂಗಿಯರ ಕಿತ್ತಾಟ ಬರೀ ತಮಾಷೆಯದು. ಒಂದು ವರ್ಷ ಬರ್ಕ್ಲಿ ಸೋತ ದಿನ, ಊಟಕ್ಕೆ ಕೂತಾಗ, ನೆಂಟರೆದುರಿಗೇ ಸುಜಯ್, "ನಮ್ಮ ಕಾಲೇಜಲ್ಲಿ ನಿಂಗೆ ಸೀಟು ಸಿಗ್ಲಿಲ್ಲ, ಅದಕ್ಕೇ ತಾನೇ ಅಲ್ಲಿಗೆ ಹೋಗಿದ್ದು?" ಎಂದುಬಿಟ್ಟ. ಹರಿಪ್ರಿಯಾ ತಟ್ಟೆ ಬಿಟ್ಟು ಎದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಇಬ್ಬರಿಗೂ ಮಾತೇ ಇಲ್ಲ, ವಾಲ್ನಟ್ ಕ್ರೀಕಿನ ಈ ಮನೆಗೆ ಅವನು ಶನಿವಾರ ಬಂದರೆ ಇವಳು ಭಾನುವಾರ. ಗಂಡ ಶೇಷಗಿರಿಯವರು ಇಬ್ಬರಿಗೂ "ನಾನು ನಿನ್ನ ಕಡೇನೇ" ಎನ್ನುತ್ತ ಬಂದರು. ಯಾರಿಗೂ ಇಲ್ಲ ಎನ್ನಲು ಬಾರದ ಮನುಷ್ಯ.

ಆಸ್ಪತ್ರೆಯಲ್ಲಿ ಕೊನೆಗೆ ಅವರು ಕೇಳಿದ್ದೂ ಅದನ್ನೇ. "ಚಳಿ ಕಣೆ. ಹೋಗೋವಾಗ ಆ ಜ್ಯಾಕೆಟ್ಟೇ ಇರಲಿ." ಹೂಂ ಎಂದಿದ್ದಳು. ಆದರೆ ಯಾವ ಮೈ ಮೇಲೆ? ಒಂದು ಬಣ್ಣ ಕಂಡರೆ ಒಂದು ಮಗು ಹೊರಗಾಯಿತು. ಎರಡೂ ಕಂಡರೆ ಅಪ್ಪನೇ ಇಬ್ಬರಿಗೂ ಸುಳ್ಳನಾದ.

* * *

ಹೋದ ವರ್ಷ ಪಂದ್ಯ ಮುಗಿಸಿ ಬಂದವರೇ ಶೇಷಗಿರಿ ಸೋಫಾದ ಮೇಲೆ ಕುಸಿದಿದ್ದರು.

"ಎಡವಟ್ಟಾಯ್ತು ಕಣೆ."

ಪಂದ್ಯದ ಮೊದಲರ್ಧ ಮಗಳ ಪಕ್ಕ ನೀಲಿಯಲ್ಲಿ ಕೂರುವುದು. ವಿರಾಮಕ್ಕೆ "ಕಾಲು ನೋವು, ಟ್ರೈನಲ್ಲಿ ಮನೆಗೆ ಹೋಗ್ತೀನಮ್ಮ" ಎಂದು ಏಳುವುದು. ಬಾತ್‌ರೂಮಿನಲ್ಲಿ ಜ್ಯಾಕೆಟ್ಟು ತಿರುಗಿಸಿ, ಆಚೆ ಕಡೆ ಮಗನ ಪಕ್ಕ ಹೋಗಿ "ಟ್ರೈನು ಲೇಟು ಕಣೋ" ಎಂದು ಕೂರುವುದು. ವರ್ಷವರ್ಷವೂ ಇದೇ ನಾಟಕ. ಆಟವಂತೂ ತಲೆಬುಡ ಅರ್ಥವಾಗುತ್ತಿರಲಿಲ್ಲ. "ಒಂದು ನಿಮಿಷ ಆಟ, ಹತ್ತು ನಿಮಿಷ ಮೀಟಿಂಗು" ಎಂದು ನಗುತ್ತಿದ್ದರು.

ಆ ಸಲ ಬಾತ್‌ರೂಮಿನ ಮುಂದೆ ಭಾರೀ ಕ್ಯೂ. ಗೋಡೆ ಮರೆಯಲ್ಲಿ ತಿರುಗಿಸಿಕೊಳ್ಳುವಾಗ ಕ್ಯಾಮೆರಾ ಹಿಡಿದ ಹುಡುಗಿಯೊಬ್ಬಳು ನೋಡಿಬಿಟ್ಟಳು. ಈ ಎರಡು ಕಾಲೇಜುಗಳ ಹಗೆತನದ ಬಗ್ಗೆ ಡಾಕ್ಯುಮೆಂಟರಿ ಮಾಡುತ್ತಿದ್ದಳಂತೆ. ಇದನ್ನು ಬಳಸಬಹುದೇ ಎಂದು ಕೇಳಿದಳಂತೆ.

"ಬೇಡ ಅನ್ನಬೇಕು ತಾನೇ?"

"ಸುಮ್ನೆ ತಲೆ ಆಡಿಸಿದೆ. ನಮ್ಮ ಥರ, ಆ ಕಡೆ ಈ ಕಡೆ. ಅವಳು ಖುಷಿಯಾಗಿ ಥ್ಯಾಂಕ್ ಯೂ ಅಂದ್ಬಿಟ್ಲು. ಪಾಪ, ಚಳೀಲಿ ನಿಂತಿತ್ತು ಮಗು. ಸೈನೂ ಹಾಕಿಕೊಟ್ಟೆ."

"ಕರ್ಮ! ಮಕ್ಕಳು ನೋಡಿದ್ರೆ?"

"ಅದು ಬರೋ ಅಷ್ಟರಲ್ಲಿ ಇಬ್ರೂ ಮಾತಾಡ್ತಿರ್ತಾರೆ ಬಿಡು," ಎಂದಿದ್ದರು.

* * *

ಫ್ಯೂನರಲ್ ಹೋಮಿನ ಹಾಲಿನಲ್ಲಿ ಸುಜಯ್ ಎಡಕ್ಕೆ ಕೂತಿದ್ದ, ಹರಿಪ್ರಿಯಾ ಬಲಕ್ಕೆ. ನಡುವೆ ಪೆಟ್ಟಿಗೆಯಲ್ಲಿ ಅಪ್ಪ, ಹೊಸ ಪಂಚೆ ಹೊದ್ದು. ಮೈಥಿಲಿ ಬ್ಯಾಗನ್ನು ಎದೆಗವಚಿಕೊಂಡು ಪುರೋಹಿತ ಆನಂದತೀರ್ಥರ ಬಳಿ ಪಿಸುಗುಟ್ಟಿದಳು.

"ಹೊಲಿದ ಬಟ್ಟೆ ತೊಡಿಸೋದು ಬೇಡಮ್ಮ. ಬೇಕಾದ್ರೆ ಮೇಲೆ ಹೊದಿಸಿ. ಬೇಗ, ಇನ್ನೊಂದು ಫ್ಯಾಮಿಲಿ ಕಾಯ್ತಿದೆ," ಎಂದರು ಅವರು.

ಅಷ್ಟರಲ್ಲಿ ಶೇಷಗಿರಿಯವರ ಜೊತೆ ಕೆಲಸ ಮಾಡಿದ್ದ ಮಂಡ್ಯದ ಜಯರಾಮ್ ಕಣ್ಣೊರೆಸಿಕೊಳ್ಳುತ್ತ ಬಂದರು. "ಅತ್ತಿಗೆ, ಅಣ್ಣ ಟೀವೀಲಿ ಬಂದವ್ರೆ ಕಣತ್ತಿಗೆ! ಫುಟ್‌ಬಾಲ್ ಡಾಕ್ಯುಮೆಂಟರಿ, ನೆನ್ನೆ ಬಂತಲ್ಲ!"

"ಆಮೇಲೆ ಜಯರಾಮ್, ಆಮೇಲೆ."

"ಅಯ್ಯೋ, ಮಕ್ಕಳು ನೋಡ್ಲಿ ಬುಡಿ!" ಎನ್ನುತ್ತ ಅವರು ಫೋನನ್ನು ಎತ್ತಿ ಹಿಡಿದೇಬಿಟ್ಟರು. ಒಳ್ಳೆಯವರ ಕೈಯಲ್ಲೇ ಇಂಥದ್ದು ಆಗುವುದು.

ಅಪ್ಪನ ದನಿ ಕೇಳಿ ಇಬ್ಬರೂ ಎದ್ದು ಬಂದರು. ಪುಟ್ಟ ತೆರೆಯ ಮೇಲೆ ಶೇಷಗಿರಿ ಒಂದು ತೋಳು ನೀಲಿ, ಒಂದು ತೋಳು ಕೆಂಪು ಮಾಡಿಕೊಂಡು ಸಿಕ್ಕಿಬಿದ್ದು ನಗುತ್ತಿದ್ದರು. "ಮೈ ಡಾಟರ್ ಈಸ್ ದೇರ್. ಮೈ ಸನ್ ಈಸ್ ದೇರ್. ಗೇಮ್ ಐ ಡೋಂಟ್ ನೋ. ಪ್ಲೀಸ್, ಡೋಂಟ್ ಟೆಲ್ ದೆಮ್."

ಮುಗಿಯಿತು, ಇದ್ದೊಬ್ಬ ಅಪ್ಪನನ್ನೂ ಕಳೆದುಕೊಂಡರು ಎಂದು ಮೈಥಿಲಿ ಕಣ್ಣು ಮುಚ್ಚಿದಳು.

"ಹಿ ಲೈಡ್ ಟು ಮಿ," ಎಂದಳು ಹರಿಪ್ರಿಯಾ.

"ಮಿ ಟೂ," ಎಂದ ಸುಜಯ್.

ಎಷ್ಟೋ ವರ್ಷಗಳ ಮೇಲೆ ಅವರು ಒಬ್ಬರಿಗೊಬ್ಬರು ಆಡಿದ ಮಾತು. ಮೈಥಿಲಿ ಬ್ಯಾಗಿನಿಂದ ಜ್ಯಾಕೆಟ್ಟು ತೆಗೆದು, ಅವಿತಿಡುವುದಕ್ಕೆ ಇನ್ನೇನೂ ಉಳಿದಿಲ್ಲವಲ್ಲ ಎಂದುಕೊಂಡು, ಮಗಳ ಕೈಗೂ ಮಗನ ಕೈಗೂ ನಡುವೆ ಹಿಡಿದಳು.

"ಚಳಿ ಅಂದ್ರು. ಹೊದಿಸ್ರೋ."

ಅಲ್ಲಿಯ ಕೆಲಸದ ಹೆಂಗಸು ಮುಚ್ಚಳ ಹಿಡಿದು ಮೆಲ್ಲಗೆ ಕೇಳಿದಳು, ಯಾವ ಬಣ್ಣ ಮೇಲಿರಬೇಕು?

ಸುಜಯ್ ಜ್ಯಾಕೆಟ್ಟನ್ನು ಅಪ್ಪನ ಎದೆಯ ಮೇಲೆ ಹರಡಿದ. ನೀಲಿ ಮೇಲಿತ್ತು. ಹರಿಪ್ರಿಯಾ ಮೂಗೊರೆಸಿಕೊಂಡು, "ನೋ, ಸುಜ್ಜಣ್ಣ," ಎಂದು ಅದನ್ನು ಮಗುಚಿ ಕೆಂಪು ಮೇಲೆ ಮಾಡಿದಳು. ಅವನು ಮತ್ತೆ ನೀಲಿ ಮಾಡಿದ. ಅವಳು ಮತ್ತೆ ಕೆಂಪು.

"ಟೈಮಾಯ್ತು," ಎಂದರು ಆನಂದತೀರ್ಥರು.

ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಒಂದು ತೋಳು ಅವನ ಕೈಯಲ್ಲಿ, ಒಂದು ತೋಳು ಅವಳ ಕೈಯಲ್ಲಿ. ಹೆಂಗಸು ಮುಚ್ಚಳ ಹಿಡಿದುಕೊಂಡು ಕಾಯುತ್ತಲೇ ಇದ್ದಳು.