ಬಾಣಂತಿಯ ಪಾಲಿನ ಕೆನೆ

ಮಗು ಚೀಪಿತು, ಬಿಟ್ಟಿತು, ಅತ್ತಿತು. ರಾಗ್ನಿ ಇನ್ನೊಂದು ಎದೆಗೆ ಹಾಕಿಕೊಂಡಳು. ಅಲ್ಲೂ ಅದೇ ಕಥೆ.

"ಬೆಳಗ್ಗಿಂದ ಏನ್ ತಿಂದಿದೀಯೆ?" ಎಂದು ಕೇಳಿದೆ.

"ನೀಲಿ ಹಾಲು ಕುಡಿದೆ ಬೆರ್ಗಿಟ್ಟಕ್ಕ. ಒಂದು ಉಪ್ಪುಮೀನು ತಿಂದೆ."

ಕೆನೆಯನ್ನೆಲ್ಲ ತೆಗೆದ ಮೇಲೆ ಉಳಿಯುತ್ತದಲ್ಲ, ಅದಕ್ಕೆ ನಮ್ಮ ಟೆಲೆಮಾರ್ಕಿನ ಕಣಿವೆಯಲ್ಲಿ ನೀಲಿ ಹಾಲು ಎನ್ನುತ್ತೇವೆ. ಹಾಲು ಎನ್ನುವುದು ನಮ್ಮ ದೊಡ್ಡತನ. ರಾಗ್ನಿಯ ಕೊಟ್ಟಿಗೆಯಲ್ಲಿ ಕರೆಯುವ ಹಸು ಇದೆ. ನನ್ನ ಕೊಟ್ಟಿಗೆಯಲ್ಲೂ ಇದೆ. ಆದರೆ ನಾವು ಹಾಲ್ವರ್ ಧಣಿಯ ಒಕ್ಕಲು. ಕೆಳಗಿನೂರಿನಲ್ಲಿ ಡೈರಿ ಶುರುವಾದ ಮೇಲೆ ಧಣಿ ಹೊಸ ಕಟ್ಟಳೆ ಮಾಡಿದ. ಹಸು ನಿಮ್ಮದಿರಬಹುದು, ಅದು ಮೇಯುವ ಹುಲ್ಲು ನನ್ನದು, ಹಾಗಾಗಿ ಕೆನೆಯೂ ನನ್ನದು. ಹಾಲೆಲ್ಲ ಅವನ ಗಾಡಿಯಲ್ಲಿ ಡೈರಿಗೆ ಹೋಗುತ್ತದೆ. ಸಂಜೆ ನಮಗೆ ನೀಲಿ ನೀರು ವಾಪಸು ಬರುತ್ತದೆ.

ನಮ್ಮಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ನೆರೆಯ ಹೆಂಗಸರೆಲ್ಲ ಹುಳಿಕೆನೆಯ ಗಂಜಿ ಕಾಯಿಸಿ, ಮುಚ್ಚಳವಿರುವ ಮರದ ಗಡಿಗೆಯಲ್ಲಿ ಒಯ್ಯಬೇಕು. ಕೆನೆಗೆ ಹಿಟ್ಟು ಹಾಕಿ ಕುದಿಸಿದರೆ ಬೆಣ್ಣೆ ಮೇಲಕ್ಕೆ ತೇಲಿ ಬರುತ್ತದೆ. ಬಾಣಂತಿ ಅದನ್ನು ಹೊಟ್ಟೆತುಂಬ ಉಂಡು ಮಲಗಬೇಕು. ಹೋದ ಚಳಿಗಾಲ ಧಣಿಯ ಹೆಂಡತಿ ಹೆತ್ತಾಗ, ಆ ವಾರ ಮಾತ್ರ ನಮ್ಮ ಕೆನೆ ನಮ್ಮಲ್ಲೇ ಉಳಿಯಿತು, ಗಂಜಿಯಾಗಿ ಅವಳ ಮಂಚಕ್ಕೆ ಹೋಯಿತು. ರಾಗ್ನಿ ಹೆತ್ತಾಗ ನಾವು ಒಯ್ದದ್ದು ನೀರಲ್ಲಿ ಬೇಯಿಸಿದ ಬಾರ್ಲಿ. "ಚೆನ್ನಾಗಿದೆ" ಎಂದು ಉಂಡಳು ಪಾಪ. ನನಗೆ ಮುಖ ಎತ್ತಲಾಗಲಿಲ್ಲ.

ಮಗುವಿನ ಕೈಕಾಲು ಕಡ್ಡಿಯಾಗುತ್ತಿದ್ದವು. ಧಣಿಯ ಅಂಗಳಕ್ಕೆ ಹೋದೆ.

"ರಾಗ್ನಿ ಹಸುವಿನ ಹಾಲು ಸ್ವಲ್ಪ ದಿನ ಅವಳಿಗೇ ಬಿಡಿ ಧಣಿ. ಎದೇಲಿ ಹಾಲಿಲ್ಲ. ಮಗು ಉಳಿಯಲ್ಲ."

"ಬಾಣಂತಿಗೆ ಕೆನೆ ಕೊಟ್ರೆ ಮೈ ಜಡ ಆಗುತ್ತೆ ಕಣೆ. ತೆಳ್ಳನೆ ಹಾಲೇ ಆರೋಗ್ಯ. ಓದಿದೋರು ಹೇಳ್ತಾರೆ."

"ಹಂಗಾದ್ರೆ ಅಮ್ಮಾವ್ರು ಗಡಿಗೆ ಗಡಿಗೆ ಉಂಡ್ರಲ್ಲ, ಅವರಿಗ್ಯಾರೂ ಹೇಳ್ಲಿಲ್ವಾ?"

ಅವನ ಮುಖ ಕೆಂಪಾಯಿತು. "ನಾಲಿಗೆ ಉದ್ದ ಆಯ್ತು ನಿಂದು! ಸೋಮವಾರ ಹುಲ್ಲು ಒಣಗಿಸೋ ಕೆಲಸ. ಅವಳೂ ಬರ್ಬೇಕು. ಬರ್ಲಿಲ್ಲಾಂದ್ರೆ ಮನೆ ಖಾಲಿ ಮಾಡ್ಲಿ."

ಅವತ್ತಿನಿಂದ ಒಕ್ಕಲು ಮನೆಗಳ ಹಸುಗಳಿಗೆಲ್ಲ ಏನಾಯಿತೋ! ಒಂದು ಒದ್ದು ಹಾಲು ಚೆಲ್ಲಿತು. ಇನ್ನೊಂದು ಕೆಚ್ಚಲು ಮುಟ್ಟಗೊಡಲಿಲ್ಲ. ನನ್ನದಂತೂ ಕಾಡಿನಿಂದ ಮನೆಗೇ ಬರಲಿಲ್ಲ! ಗಾಡಿಯವನು ಗೊಣಗಿಕೊಂಡು ಹೋದ. ನಮ್ಮ ಮನೆಗಳ ತಂಪು ಮೂಲೆಗಳಲ್ಲಿ ಕೆನೆ ಕಟ್ಟಿ ಹುಳಿಯಾಗುತ್ತಿತ್ತು. ಕಳ್ಳತನ ಎನ್ನುವವರು ಎನ್ನಲಿ. ನಮ್ಮ ಹಸು, ನಮ್ಮ ಕೈ.

ಸೋಮವಾರ ಧಣಿಯ ಹೊಲದಲ್ಲಿ ರಾಗ್ನಿ ಬಾಚಣಿಗೆಯಂಥ ಹಲ್ಲಿನ ಕೋಲು ಹಿಡಿದು ಒಣಹುಲ್ಲು ಎಳೆದು ಗುಡ್ಡೆ ಹಾಕುತ್ತಿದ್ದಳು. ಮಗು ಬುಟ್ಟಿಯಲ್ಲಿತ್ತು. ನಾವು ಉಳಿದ ಹೆಂಗಸರು ಬೇಕೆಂದೇ ತಡವಾಗಿ ಹೋದೆವು. ಮುಂದೆ ಅವಳ ಅತ್ತೆ ಗುನ್ವೋರಜ್ಜಿ, ಹಿಂದೆ ನಾವು. ಎಲ್ಲರ ಕೈಯಲ್ಲೂ ಗಡಿಗೆ. ಹುಲ್ಲು ಕೊಯ್ಯುತ್ತಿದ್ದ ಗಂಡಸರು ಕೈ ನಿಲ್ಲಿಸಿ ನೋಡಿದರು. ರಾಗ್ನಿಯನ್ನು ಧಣಿಯ ಹುಲ್ಲಿನ ಮೇಲೇ ಕೂರಿಸಿದೆವು.

"ಬೇಡ ಅಕ್ಕ, ಅವ್ನು ನೋಡ್ತಾನೆ."

"ನೋಡ್ಲಿ ಅಂತಾನೇ ಇಲ್ಲಿಗೆ ತಂದಿರೋದು. ಉಣ್ಣೇ!"

ಮುಚ್ಚಳ ತೆಗೆದರೆ ಬೆಣ್ಣೆಯ ವಾಸನೆ ಹೊಲವೆಲ್ಲ ಹರಡಿತು. ರಾಗ್ನಿ ಒಂದು ಚಮಚ ಬಾಯಿಗಿಟ್ಟಳು. ಹಾಲ್ವರ್ ಓಡಿ ಬಂದ.

"ಯಾರ ಕೆನೆ ಇದು?"

"ಹಸೂದು," ಎಂದಳು ಗುನ್ವೋರಜ್ಜಿ.

ಗಂಡಸರ ಕಡೆಯಿಂದ ನಗು ಕೇಳಿಸಿತು. ಅವನು ಗಡಿಗೆಗೆ ಕೈ ಚಾಚಿದ. ಆದರೆ ಬಾಣಂತಿಯ ಗಡಿಗೆ ಕಿತ್ತುಕೊಂಡ ಗಂಡಸಿಗೆ ಈ ಕಣಿವೆಯಲ್ಲಿ ಯಾರೂ ಬಾಗಿಲು ತೆಗೆಯುವುದಿಲ್ಲ. ಅದು ಅವನಿಗೂ ಗೊತ್ತು. ಕೈ ಹಿಂದಕ್ಕೆ ಹೋಯಿತು.

"ಮೋಡ ಬರ್ತಿದೆ, ಕಣ್ಣು ಕಾಣಲ್ವಾ? ಒಣಗಿದ್ದೆಲ್ಲ ನೆನೆದುಹೋಗುತ್ತೆ! ಏಳ್ರೇ! ಇಲ್ಲಾಂದ್ರೆ ಎಲ್ಲರನ್ನೂ ಒಕ್ಕಲೆಬ್ಬಿಸ್ತೀನಿ!"

"ಎಬ್ಬಿಸಿ ಧಣಿ," ಎಂದೆ ನಾನು. "ಆಮೇಲೆ ಅಮ್ಮಾವ್ರೂ ನೀವೂ ಸೇರಿ ಹುಲ್ಲು ಎಳ್ಕೊಳ್ಳಿ."

ಗಂಡಸರು ಕತ್ತಿಗಳನ್ನು ಕೆಳಗಿಟ್ಟರು. ಧಣಿ ಅವರನ್ನೊಮ್ಮೆ ನೋಡಿ ರಾಗ್ನಿಯ ಕಡೆ ತಿರುಗಿದ. ನಮ್ಮೆಲ್ಲರಲ್ಲಿ ಮೆತ್ತಗಿನವಳು ಅವಳೇ ಎಂದು ಅವನಿಗೆ ಗೊತ್ತು.

"ಏಳೇ. ಕೋಲು ಹಿಡಿ."

ರಾಗ್ನಿ ಕೋಲಿನ ಕಡೆ ನೋಡಿದಳು. ಒಂದೇ ಊಟಕ್ಕೆ ಎದೆಯಲ್ಲಿ ಹಾಲು ತುಂಬುವುದಿಲ್ಲ. ನಾಳೆಯೂ ಗಡಿಗೆ ಬರಬೇಕು, ನಾಡಿದ್ದೂ ಬರಬೇಕು. ಇವಳು ಈಗ ಎದ್ದುಬಿಟ್ಟರೆ ಎಲ್ಲ ಮುಗಿಯಿತು.

ಅವಳು ಬುಟ್ಟಿಯಿಂದ ಮಗುವನ್ನೆತ್ತಿ ಎದೆಗೆ ಹಾಕಿಕೊಂಡಳು. ಇನ್ನೊಂದು ಕೈಯಲ್ಲಿ ಚಮಚವನ್ನು ಗಡಿಗೆಗೆ ಅದ್ದಿದಳು.

"ನಾನಿನ್ನೂ ಉಣ್ತಾ ಇದೀನಿ ಧಣಿ," ಎಂದಳು.

ಮಳೆ ಶುರುವಾಯಿತು. ನಮ್ಮಲ್ಲಿ ಒಬ್ಬರೂ ಏಳಲಿಲ್ಲ.