ಹದಿನೇಳನೇ ಡಬ್ಬಿ

ಮಣ್ಣನ್ನು ಒಣಗಿಸಿ ತೂಗುವುದು ನನ್ನ ಕೆಲಸವಾಗಿತ್ತು. ಹೇಳಿದರೆ ಈಗಿನವರು ನಗುತ್ತಾರೆ, ಮಣ್ಣು ಒಣಗಿಸಲಿಕ್ಕೂ ಆಳು ಬೇಕೇ ಎಂದು. ಆಗ ಬೇಕಾಗಿತ್ತು. ಮುಂಡಗೋಡದ ಸೀಮೆಯಲ್ಲಿ ಒಂದು ಹೊಸ ಕೆರೆಗೆ ಮಣ್ಣಿನ ಒಡ್ಡು ಹಾಕುತ್ತಿದ್ದರು. ಅರವತ್ತೆರಡನೇ ಇಸವಿ. ಸೇರು, ತೊಲ ಹೋಗಿ ಗ್ರಾಂ, ಕಿಲೋ ಬಂದು ಬಹಳ ದಿನ ಆಗಿರಲಿಲ್ಲ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು. ಅಂಕಿ ಬರೆಯಲು ಬರುತ್ತಿತ್ತು, ಕೈ ನಡುಗುತ್ತಿರಲಿಲ್ಲ. ಅಷ್ಟು ನೋಡಿ ನನ್ನನ್ನು ಒಡ್ಡಿನ ಕೆಳಗಿನ ತಗಡಿನ ಶೆಡ್ಡಿಗೆ ಹಾಕಿಕೊಂಡರು. ಅದಕ್ಕೆ ಪ್ರಯೋಗಶಾಲೆ ಎಂದು ಬೋರ್ಡು ಇತ್ತು. ಕೂಲಿಯವರು ಮಾತ್ರ ಮಣ್ಣಿನ ದವಾಖಾನೆ ಎನ್ನುತ್ತಿದ್ದರು.

ಆ ಹೆಸರು ಇಟ್ಟವನು ಪಾವ್ಲು. ಸಿದ್ದಿಯರ ಪೈಕಿ, ಹಳಿಯಾಳದ ಆಚೆ ಕಾಡಂಚಿನ ಊರವನು. ಒಡ್ಡಿನ ಮೇಲೆ ಉಕ್ಕಿನ ಕೊಳವೆ ಬಡಿದು, ಅದರೊಳಗೆ ಸಿಕ್ಕ ಮಣ್ಣನ್ನು ಡಬ್ಬಿಗೆ ತುಂಬಿ ನನಗೆ ತಂದುಕೊಡುತ್ತಿದ್ದ. "ಅಯ್ಯನೋರ, ಪೇಶಂಟ್ ಬಂದಾನ್ರಿ. ನಾಡಿ ಹಿಡದು ನೋಡ್ರಿ," ಎಂದು ಬಾಗಿಲಲ್ಲಿ ನಿಂತು ಕೂಗುವುದು ಅವನ ಚಟ.

ನಾಡಿ ಹಿಡಿಯುವುದು ಹೀಗೆ. ಡಬ್ಬಿಗಳ ಖಾಲಿ ತೂಕ ಮೊದಲೇ ಬರೆದಿರುತ್ತದೆ. ಹಸಿ ಮಣ್ಣು ಸಮೇತ ತೂಗಬೇಕು. ಆಮೇಲೆ ಭಟ್ಟಿಯಲ್ಲಿ ಇಡಬೇಕು. ನಮ್ಮ ಭಟ್ಟಿ ಎಂದರೆ ಸೀಮೆಎಣ್ಣೆ ಒಲೆಯ ಮೇಲೆ ಕೂಡಿಸಿದ ಜೋಡಿ ತಗಡಿನ ಪೆಟ್ಟಿಗೆ, ನೆತ್ತಿಯಲ್ಲಿ ಕಾವು ತೋರಿಸುವ ಗಾಜಿನ ನಳಿಗೆ. ಒಂದು ಹಗಲು ಒಂದು ರಾತ್ರಿ ಕಾದ ಮೇಲೆ ತೆಗೆದು ಮತ್ತೆ ತೂಗಬೇಕು. ಎಷ್ಟು ಇಳಿಯಿತೋ ಅಷ್ಟು ನೀರು. ಎರಡು ಸಲ ತೂಗಿದಾಗ ತೂಕ ಒಂದೇ ಬಂದರೆ ಮಣ್ಣು ಪೂರ್ತಿ ಒಣಗಿತು ಎಂದು ತಿಳಿಯಬೇಕು. ಒಡ್ಡಿನ ಮಣ್ಣು ತೀರ ಒಣಗಿದ್ದರೆ ಒಂದಕ್ಕೊಂದು ಕೂಡುವುದಿಲ್ಲ, ತೀರ ಹಸಿಯಾದರೆ ರೋಲರಿನ ಕೆಳಗೆ ಜಾರುತ್ತದೆ. ಹದ ಬೇಕು.

ಮಣ್ಣಿನ ಡಬ್ಬಿಗೆ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ. ದೊಡ್ಡ ಚೀಲಗಳಿಗೆ ಬಾಗಿಲ ಪಕ್ಕದ ನೆಲದ ಕಾಟಾ. ಒಳಗೆ ಬರುವ ಚೀಲವಾಗಲಿ ಹೊರಗೆ ಹೋಗುವ ಚೀಲವಾಗಲಿ, ಕಾಟಾದ ಮೇಲೆ ಒಮ್ಮೆ ಕೂತೇ ಹೊಸ್ತಿಲು ದಾಟಬೇಕು ಎಂಬುದು ನಮ್ಮ ಇಂಜಿನಿಯರ್ ಸಾಹೇಬರ ಕಟ್ಟಪ್ಪಣೆ. ಎರಡು ವರ್ಷದಲ್ಲಿ ಅದು ನನ್ನ ಕಾಲಿಗೆ ಎಷ್ಟು ರೂಢಿಯಾಗಿತ್ತೆಂದರೆ, ನನ್ನ ಬುತ್ತಿಯ ಗಂಟನ್ನೂ ಎಷ್ಟೋ ಸಲ ಅದರ ಮೇಲೆ ಇಟ್ಟಿದ್ದೇನೆ. "ರೊಟ್ಟಿ ಎಷ್ಟು ಗ್ರಾಂ ಬಂದೂವ್ರಿ?" ಎಂದು ಪಾವ್ಲು ಕೇಳುತ್ತಿದ್ದ.

ಒಡ್ಡಿನ ಉದ್ದಕ್ಕೂ ಗೂಟ ಹೊಡೆದು ನಂಬರು ಹಾಕಿದ್ದರು. ಹನ್ನೆರಡನೇ ಗೂಟ ಇದ್ದ ಜಾಗದಲ್ಲಿ ಮೊದಲು ಅತ್ತಿಮರಡಿ ಎಂಬ ಊರಿನ ಬಾವಿ ಇತ್ತು. ಹದಿನಾಲ್ಕು ಮನೆಯ ಊರು. ಕೆರೆಯಲ್ಲಿ ಮುಳುಗುತ್ತದೆಂದು ಅವರನ್ನು ಒಂದೂವರೆ ಮೈಲು ಮೇಲೆ, ಗುಡ್ಡದ ಓರೆಗೆ ಎಬ್ಬಿಸಿ ಕಳಿಸಿದ್ದರು. ಅಲ್ಲಿ ಹೊಸ ಬಾವಿ ನಲವತ್ತು ಅಡಿ ಇಳಿದಿತ್ತು, ಒಂದು ಹನಿ ಬಿದ್ದಿರಲಿಲ್ಲ. ನಾಲ್ಕು ಮನೆಯವರು ದಾಂಡೇಲಿಯ ಗಿರಣಿಯಲ್ಲಿ ಕೆಲಸ ಹುಡುಕಿಕೊಂಡು ಹೋಗಲು ಗಂಟು ಕಟ್ಟಿ ಕೂತಿದ್ದರು. ಜೂನಿನ ಮಿರಗದ ಮಳೆಯೊಳಗೆ ಬಾವಿಗೆ ನೀರು ಬೀಳದಿದ್ದರೆ ಉಳಿದವರೂ ದಿಕ್ಕಿಗೊಬ್ಬರಾಗುವವರೇ.

ಇದನ್ನು ನನಗೆ ಹೇಳಿದವಳು ಆ ಊರಿನ ಹಿರಿಯ ಮುತ್ತೈದೆ ಗುರುಸಿದ್ದವ್ವ. ದಿನಾ ಮಧ್ಯಾಹ್ನ ಇಳಿದು ಬಂದು ಶೆಡ್ಡಿನ ನೆರಳಿಗೆ ಕೂಡುತ್ತಿದ್ದಳು. ಅವಳ ಊರಲ್ಲಿ ಒಂದು ಪದ್ಧತಿ. ಬಾವಿ ಬಿಟ್ಟು ಹೋಗುವಾಗ ಅದಕ್ಕೆ ಉಡಿ ತುಂಬಿ, ಕಡೆಯ ಕೊಡ ಸೇದಿ, ಅದನ್ನು ಹೊಸ ಬಾವಿಗೆ ಸುರಿಯಬೇಕು. ನೀರನ್ನು ಕರೆದುಕೊಂಡು ಹೋಗುವುದು ಎನ್ನುತ್ತಾರೆ. ಸೋಮವಾರ ಬಂದು ಕರೆದೊಯ್ಯುತ್ತೇವೆ ಎಂದು ಅವರು ಹೇಳಿಟ್ಟಿದ್ದರು. ಅದಕ್ಕೆ ಎರಡು ದಿನ ಮೊದಲು, ಶನಿವಾರ, ಮಣ್ಣಿನ ಬಂಡಿಗಳು ಸುಮ್ಮನೆ ನಿಂತಿದ್ದವೆಂದು ಗುತ್ತಿಗೆಯವರ ಆಳುಗಳು ಬಾವಿಯನ್ನು ಮಣ್ಣು ಹಾಕಿ ಮುಚ್ಚಿಬಿಟ್ಟರು. ಅವರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ. ಅವರಿಗೆ ಅದು ಒಂದು ತಗ್ಗು.

"ನನ್ನ ಬಾವಿ ಮ್ಯಾಲಿನ ಮಣ್ಣು ಹೆಂಗೈತೋ ಅಡಿವೆಯ್ಯಾ?" ಎಂದು ಕೇಳುತ್ತಿದ್ದಳು.

"ಛಲೋ ಐತಿ ಯವ್ವಾ."

"ಛಲೋ ಹೆಂಗ ಇದ್ದೀತು? ಕೆಳಗ ನೀರು ಹಾದಿ ಕಾಯಾಕತ್ತೈತಿ."

ನಾನು ಮುಂದಿನ ಡಬ್ಬಿ ತೂಗಲು ಎತ್ತಿಕೊಳ್ಳುತ್ತಿದ್ದೆ. ಅಲ್ಲಿ ಆಗಲೇ ಹದಿನೈದು ಅಡಿ ಮಣ್ಣು ಬಿದ್ದಿತ್ತು.

ಮೇ ತಿಂಗಳ ಒಂದು ದಿನ ಪಾವ್ಲು ಹನ್ನೆರಡನೇ ಗೂಟದ ಮಣ್ಣು ತಂದ. ಹದಿನೇಳನೇ ನಂಬರಿನ ಡಬ್ಬಿ. ಖಾಲಿ ಡಬ್ಬಿ ಇಪ್ಪತ್ತು ಗ್ರಾಂ, ಹಸಿ ಮಣ್ಣು ಸಮೇತ ಎಪ್ಪತ್ತೆಂಟು. ಉಳಿದ ಹನ್ನೊಂದು ಡಬ್ಬಿಗಳ ಜೊತೆ ಭಟ್ಟಿಗೆ ಇಟ್ಟೆ. ಮರುದಿನ ತೆಗೆದಾಗ ಹನ್ನೊಂದೂ ಒಣಗಿ ಬಣ್ಣ ತಿರುಗಿದ್ದವು. ಹದಿನೇಳು ಎಪ್ಪತ್ತೆಂಟೇ ಇತ್ತು. ಡಬ್ಬಿ ಕೈ ಸುಡುತ್ತಿತ್ತು, ಒಳಗಿನ ಮಣ್ಣು ಆಗ ತಾನೇ ಅಗೆದಂತೆ ಕಪ್ಪಗೆ, ತಂಪಗೆ.

"ತೂಗಿ ತೂಗಿ ತಕ್ಕಡಿಗೆ ನಿದ್ದಿ ಹತ್ತೈತ್ರಿ," ಎಂದ ಪಾವ್ಲು.

ಮತ್ತೆ ಇಟ್ಟೆ. ಎರಡನೇ ದಿನ ಎಪ್ಪತ್ತೆಂಟು. ಮೂರನೇ ದಿನ ಎಪ್ಪತ್ತೆಂಟು. ಆಗ ಪಾವ್ಲು ನಗಲಿಲ್ಲ. ನಾನು ಸಾಹೇಬರನ್ನು ಕರೆದೆ.

ನಾಗಲಿಂಗಪ್ಪ ಸಾಹೇಬರು ಧಾರವಾಡದ ಕಡೆಯವರು, ವಯಸ್ಸು ಚಿಕ್ಕದು, ಅವಸರ ಇಲ್ಲದ ಮನುಷ್ಯ. ತಾವೇ ಚಿಮಟ ಹಿಡಿದು ಒಂದೊಂದೇ ಬಟ್ಟು ಇಟ್ಟು ತೂಗಿದರು. ಎಪ್ಪತ್ತೆಂಟು. "ಪುಸ್ತಕದ ಪ್ರಕಾರ ತೂಕ ನಿಂತೈತಿ. ಅಂದ್ರ ಇದು ಒಣಗಿದ ಮಣ್ಣು," ಎಂದರು. ಆಮೇಲೆ ಅದರಲ್ಲಿ ಬೆರಳು ಒತ್ತಿದರು. ಬೆರಳು ಕೆಸರಾಗಿ ಮೇಲೆ ಬಂತು. ಅದನ್ನೇ ಬಹಳ ಹೊತ್ತು ನೋಡಿದರು. "ಪುಸ್ತಕ ಬರದಾಂವ ಈ ಮಣ್ಣು ನೋಡಿಲ್ಲ ಬಿಡು."

ಅವರ ಮಾತಿನಂತೆ ಹದಿನೇಳನ್ನು ಒಂದನ್ನೇ ಭಟ್ಟಿಯಲ್ಲಿಟ್ಟು ಕದ ಬಿಗಿದೆವು. ಮುಂಜಾನೆ ಬಂದು ನೋಡಿದರೆ ಕದದ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗಿನ ನೆತ್ತಿಯಲ್ಲಿ ಹನಿಗಳು ಸಾಲುಗಟ್ಟಿ ಜೋತಿದ್ದವು. ಪಾವ್ಲು ಕೆಳಗೆ ಒಂದು ತಂಬಿಗೆ ಇಟ್ಟ. ಸಂಜೆಯೊಳಗೆ ತಂಬಿಗೆ ತುಂಬಿತು. ಡಬ್ಬಿ ತೂಗಿದೆ. ಎಪ್ಪತ್ತೆಂಟು. ಅಷ್ಟು ಮಣ್ಣಿನಲ್ಲಿ ಇರಬಹುದಾದ ನೀರು ಒಂದು ಚಮಚ.

ಮರುದಿನ ಮಧ್ಯಾಹ್ನ ಗುರುಸಿದ್ದವ್ವ ಬಂದು ನೆರಳಿಗೆ ಕೂತು, "ಕುಡ್ಯಾಕ ಒಂದೀಟು ನೀರು ಕೊಡೋ," ಎಂದಳು. ಪಾವ್ಲು ಏನನ್ನೂ ಯೋಚಿಸದೆ ಆ ತಂಬಿಗೆಯನ್ನೇ ಕೊಟ್ಟುಬಿಟ್ಟ. ಅವಳು ಒಂದು ಗುಟುಕು ಕುಡಿದಳು. ಬಾಯಲ್ಲೇ ಇಟ್ಟುಕೊಂಡಳು. ಆಮೇಲೆ ನುಂಗಿ, ತಂಬಿಗೆಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡಳು.

"ಇದು ಎಲ್ಲಿಂದ ಬಂತು?"

ಪಾವ್ಲು ಭಟ್ಟಿಯ ಕಡೆ ತಿರುಗಿ ನೋಡಿದ.

"ಅತ್ತಿ ಬೇರಿನ ರುಚಿ ಐತಿ. ಮದಿವ್ಯಾಗಿ ಬಂದ ದಿನದಿಂದ ನಲವತ್ತೈದು ವರ್ಷ ಕುಡದೇನಿ. ನನಗ ಸುಳ್ಳು ಹೇಳಬ್ಯಾಡ್ರಿ."

ಸಾಹೇಬರೇ ಹೊರಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದರು. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ತನ್ನ ಮನೆಯ ತಾಮ್ರದ ಕೊಡ ತಂದು ಆ ಹನಿಯ ಕೆಳಗೆ ಇಡುತ್ತೇನೆ, ಅದು ತುಂಬುವ ತನಕ ಒಲೆ ಆರಿಸಬೇಡಿ ಎಂದಳು.

"ಎಷ್ಟು ದಿನ ಯವ್ವಾ? ಮಳಿ ಬಂತು. ಈ ಡಬ್ಬಿ ಲೆಕ್ಕ ಸಿಗೂ ತನಕ ಆ ಗೂಟದ ಕಡೆ ಒಡ್ಡಿನ ಕೆಲಸ ನಿಂತೈತಿ," ಎಂದರು ಸಾಹೇಬರು.

"ನೀರು ಬಾ ಅನ್ನಾಕತ್ತೈತಿ ಸಾಹೇಬ್ರ. ಹದಿನಾಲ್ಕು ಮನಿ ಬಾಯಿ ಅದರ ಮ್ಯಾಲ ಐತಿ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ರೋಲರ್ ಕೆಟ್ಟೈತಿ ಅಂತ ಬರೀತೇನಿ. ನಾ ಮತ್ತೇನೂ ನೋಡಿಲ್ಲ. ಪಾವ್ಲು, ನೀನೂ ನೋಡಿಲ್ಲ."

"ನನಗ ಹುಟ್ಟಿದಾಗಿಂದ ಕಣ್ಣು ಮಂದರೀ," ಎಂದ ಪಾವ್ಲು.

ಒಂಬತ್ತು ದಿನ ಹಿಡಿಯಿತು. ನಾನು ಒಲೆಗೆ ಎಣ್ಣೆ ಹಾಕುತ್ತಿದ್ದೆ, ಡಬ್ಬಿ ತೂಗುತ್ತಿದ್ದೆ, ಎಪ್ಪತ್ತೆಂಟು ಎಂದು ಬರೆಯುತ್ತಿದ್ದೆ. ಶೆಡ್ಡಿನಲ್ಲಿ ಒಬ್ಬನೇ ಇದ್ದಾಗ ಹನಿಯ ಸದ್ದು ಬದಲಾಗುತ್ತಿತ್ತು. ಕೊಡದೊಳಗೆ ಬೀಳುವ ಸದ್ದಲ್ಲ ಅದು. ಬಹಳ ಆಳದಲ್ಲಿ, ಕಲ್ಲು ಕಟ್ಟಿದ ಗೋಡೆಗಳ ನಡುವೆ ಬಿದ್ದಂತೆ ಕೇಳುತ್ತಿತ್ತು. ಒಮ್ಮೆ ಕೊಡದೊಳಗೆ ಬಗ್ಗಿ ನೋಡಿದೆ. ನನ್ನ ಮುಖ ಕಾಣಬೇಕಾದಲ್ಲಿ ದುಂಡಗಿನ ಆಕಾಶ ಕಂಡಿತು. ನನ್ನ ತಲೆಯ ಮೇಲೆ ಇದ್ದದ್ದು ತಗಡು. ಮತ್ತೆ ಬಗ್ಗಲಿಲ್ಲ.

ಹತ್ತನೇ ದಿನ ಬೆಳಿಗ್ಗೆ ಗುರುಸಿದ್ದವ್ವ ಹೊಸ ಇಳಕಲ್ ಸೀರೆ ಉಟ್ಟು ಬಂದಳು. ಕುಬುಸದ ಕಣ, ಅಕ್ಕಿ, ಕೊಬ್ಬರಿ ತಂದಿದ್ದಳು. ಭಟ್ಟಿಯ ಮುಂದೆ ಕೂತು ಬಾವಿಗೆ ಮಾಡುವ ಹಾಗೆಯೇ ಉಡಿ ತುಂಬಿದಳು. ಸಾಹೇಬರು ಚಪ್ಪಲಿ ಬಿಟ್ಟು ನಿಂತರು. ಆಮೇಲೆ ಅವಳು ನನಗೆ ಹೇಳಿದಳು:

"ಕೊಡ ತಗ್ಗಿನಾಗೈತಿ, ನನ್ನ ನಡು ಬಗ್ಗೂದಿಲ್ಲ. ನೀ ಎತ್ತಿ ನನ್ನ ತಲಿ ಮ್ಯಾಲ ಇಡು. ಒಮ್ಮೆ ಎತ್ತಿದ ಮ್ಯಾಲ ಎಲ್ಲೂ ಇಳಸಬಾರದು, ನೆನಪಿರಲಿ. ಇಳಿಸಿದಲ್ಲೇ ನೀರು ಮನಿ ಮಾಡತೈತಿ."

"ತಿಳೀತು ಯವ್ವಾ," ಎಂದೆ.

ತಿಳಿದಿತ್ತು. ಇವತ್ತಿಗೂ ಹೇಳುತ್ತೇನೆ, ನನಗೆ ಚೆನ್ನಾಗಿ ತಿಳಿದಿತ್ತು. ಅವಳು ಸಿಂಬೆ ಸರಿಮಾಡಿಕೊಂಡು ಬಾಗಿಲಲ್ಲಿ ನಿಂತಳು. ನಾನು ಬಗ್ಗಿ ಕೊಡವನ್ನು ಎತ್ತಿದೆ. ಅಂಚಿನವರೆಗೆ ತುಂಬಿದ ಕೊಡ, ಒಂದು ಹನಿ ಚೆಲ್ಲಬಾರದೆಂದು ನೀರನ್ನೇ ನೋಡುತ್ತ ಎಂಟು ಹೆಜ್ಜೆ ನಡೆದೆ. ಮನಸ್ಸು ನೀರಿನ ಮೇಲಿತ್ತು, ಕಾಲು ತನ್ನ ದಾರಿ ಹಿಡಿಯಿತು. ಬಾಗಿಲ ಹತ್ತಿರ ಬಂದಿದ್ದೇ ಎಡಕ್ಕೆ ತಿರುಗಿ, ಬಗ್ಗಿ, ಕೊಡವನ್ನು ಕಾಟಾದ ಮೇಲೆ ಇಟ್ಟೆ. ಕೈ ತಾನಾಗಿಯೇ ಬಟ್ಟನ್ನು ಸರಿಸಿತು. ಹದಿನೆಂಟು ಕಿಲೋ.

ಒಂಬತ್ತು ದಿನ ನಿಲ್ಲದ ಹನಿಯ ಸದ್ದು ನಿಂತಿತ್ತು.

"ಅಯ್ಯನೋರ..." ಎಂದ ಪಾವ್ಲು, ಬಹಳ ಸಣ್ಣ ದನಿಯಲ್ಲಿ.

ಗುರುಸಿದ್ದವ್ವ ನನ್ನ ಮುಖ ನೋಡಲಿಲ್ಲ. ಕಾಟಾದ ಹಲಗೆಯನ್ನೇ ನೋಡುತ್ತಿದ್ದಳು. "ಇಡು, ತಲಿ ಮ್ಯಾಲ ಇಡು," ಎಂದಳು. ಇಟ್ಟೆ. ಒಂದೂವರೆ ಮೈಲು ಏರು ಹತ್ತಿ ಹೋಗಿ ಹೊಸ ಬಾವಿಗೆ ಸುರಿದಳಂತೆ. ತಳದ ಕಲ್ಲು ಅಷ್ಟನ್ನೂ ಕುಡಿದು ಬಾಯಿ ಮುಚ್ಚಿಕೊಂಡಿತಂತೆ. ಆ ಬಾವಿಯಲ್ಲಿ ಮುಂದೆಯೂ ನೀರು ಬೀಳಲಿಲ್ಲ.

ಮರುದಿನ ಹದಿನೇಳನೇ ಡಬ್ಬಿ ತೂಗಿದೆ. ಎಪ್ಪತ್ತು. ಮಣ್ಣು ಬೂದಿಯಂತೆ ಒಣಗಿತ್ತು. ಐವತ್ತು ಗ್ರಾಂ ಒಣ ಮಣ್ಣಿಗೆ ಎಂಟು ಗ್ರಾಂ ನೀರು, ನೂರಕ್ಕೆ ಹದಿನಾರು. ಒಡ್ಡಿಗೆ ಬೇಕಾದ ಹದ ಅದೇ. ಸಾಹೇಬರು ಬರೆದುಕೊಂಡರು, ಹನ್ನೆರಡನೇ ಗೂಟದ ಕೆಲಸ ಶುರುವಾಯಿತು, ಮಳೆಗೆ ಮೊದಲು ಒಡ್ಡು ಮುಗಿಯಿತು. ಅದಕ್ಕೆ ಏನೂ ಆಗಲಿಲ್ಲ. ಇಂದಿಗೂ ಗಟ್ಟಿಯಾಗಿದೆ.

ಆದದ್ದು ಶೆಡ್ಡಿಗೆ. ಮೂರನೇ ದಿನ ಕಾಟಾದ ಕೆಳಗಿನ ನೆಲ ಬೆವರಿತು. ಐದನೇ ದಿನ ಹಲಗೆಯ ಮೇಲೆ ನೀರು ನಿಂತಿತು. ಎತ್ತಿ ನೋಡಿದರೆ ಕೆಳಗೆ ಹಲಗೆಯಷ್ಟೇ ಅಗಲದ ಚೌಕ ಸೆಲೆ, ಅಂಚು ಕತ್ತರಿಸಿದಂತೆ ನೇರ. ಪಾವ್ಲು ಗಳ ಇಳಿಸಿದ, ತಳ ಸಿಗಲಿಲ್ಲ. ಪ್ರಯೋಗಶಾಲೆಯನ್ನು ಬೇರೆ ಶೆಡ್ಡಿಗೆ ಒಯ್ದರು.

ಗುಡ್ಡದ ಮೇಲಿನ ಹೆಂಗಸರು ಅಲ್ಲಿಂದ ನೀರು ಹೊರತೊಡಗಿದರು. ಬರುತ್ತ ಇಳಿಜಾರು, ಹೋಗುತ್ತ ತುಂಬಿದ ಕೊಡದೊಡನೆ ಏರು. ದೀಪಾವಳಿ ಹೊತ್ತಿಗೆ ಆರು ಮನೆಯವರು ದಾಂಡೇಲಿಗೆ ಹೋದರು. ಗುರುಸಿದ್ದವ್ವ ಹೋಗಲಿಲ್ಲ. ನನ್ನನ್ನು ಬೈಯಲೂ ಇಲ್ಲ, ಮಾತಾಡಿಸಲೂ ಇಲ್ಲ. ಆ ಏರಿನಲ್ಲಿ ಅವಳು ಕೊಡ ಹೊತ್ತು ನಿಂತು ನಿಂತು ಹೋಗುವುದನ್ನು ದಿನಾ ನೋಡುತ್ತಿದ್ದೆ.

ಮುಂದಿನ ವರ್ಷ ಸಾಹೇಬರಿಗೆ ಜೋಯಿಡಾ ಕಡೆ ವರ್ಗವಾಯಿತು. "ನೀನೂ ಬಾ ಅಡಿವೆಯ್ಯ, ಅಲ್ಲೂ ಮಣ್ಣು ತೂಗೂದೈತಿ," ಎಂದರು. ನನಗೂ ಓಡಿಹೋಗಬೇಕಾಗಿತ್ತು. ತಗಡಿನ ಟ್ರಂಕಿನಲ್ಲಿ ಎರಡು ಜೊತೆ ಬಟ್ಟೆ ಇಟ್ಟುಕೊಂಡೆ. ಒಣ ಮಣ್ಣು ಹಾಗೇ ಇದ್ದ ಹದಿನೇಳನೇ ಡಬ್ಬಿಯನ್ನು ಯಾರೂ ಮುಟ್ಟುತ್ತಿರಲಿಲ್ಲ, ಅದು ಅಲ್ಲೇ ಬಿದ್ದಿರುವುದು ಬೇಡವೆಂದು ಟ್ರಂಕಿನ ತಳಕ್ಕೆ ಹಾಕಿದೆ. ಮಟಮಟ ಮಧ್ಯಾಹ್ನ, ಹಳಿಯಾಳದ ಬಸ್ಸು ನಿಲ್ಲುವ ಆಲದ ಕೆಳಗೆ ಟ್ರಂಕನ್ನು ತಲೆಯಿಂದ ಇಳಿಸಿ ಕೂತೆ. ಎಲೆ ಅಡಿಕೆ ಹಾಕಿಕೊಂಡು ತಿರುಗಿ ನೋಡಿದರೆ, ಟ್ರಂಕಿನ ಸುತ್ತ ಧೂಳು ಕಪ್ಪಗಾಗಿತ್ತು. ನೋಡುತ್ತಿದ್ದಂತೆ ಆ ಕಪ್ಪು ಒಂದು ಬೆರಳು ಅಗಲವಾಯಿತು.

ನೀರು ಅಲ್ಲೇ ಮನೆ ಮಾಡುವ ಮೊದಲು ಟ್ರಂಕನ್ನು ಕಿತ್ತುಕೊಂಡವನ ಹಾಗೆ ಎತ್ತಿ ತಲೆಗಿಟ್ಟುಕೊಂಡೆ. ಬಂದ ದಾರಿಯಲ್ಲೇ ತಿರುಗಿದೆ. ನಾಲ್ಕು ಮೈಲು. ಕುತ್ತಿಗೆಗೆ ನೀರು ಇಳಿಯುತ್ತಿತ್ತು, ಬೆವರಿನಷ್ಟು ಬೆಚ್ಚಗೆ ಇರಲಿಲ್ಲ ಅದು. ಹಿಂದಿನಿಂದ ಬಸ್ಸು ಬಂದು ನನ್ನನ್ನು ದಾಟಿ ಹೋಯಿತು. ಟ್ರಂಕು ಹೆಜ್ಜೆ ಹೆಜ್ಜೆಗೂ ತೂಕ ಏರುತ್ತಿತ್ತು. ಎಷ್ಟು ಎಂದು ತೂಗುವ ಆಸೆ ಆ ಹೊತ್ತು ನನ್ನಲ್ಲಿ ಉಳಿದಿರಲಿಲ್ಲ. ಎರಡು ಕಡೆ ಕಾಲು ಕುಸಿಯಿತು. ಇಳಿಸಲಿಲ್ಲ.

ಹಳೆಯ ಶೆಡ್ಡನ್ನು ದಾಟಿ ಗುಡ್ಡದ ಏರು ಹಿಡಿಯಬೇಕೆಂದಿದ್ದೆ. ಆ ಒಣ ಬಾವಿಯ ಕಟ್ಟೆಯ ತನಕ ಒಯ್ಯಬೇಕೆಂದಿದ್ದೆ. ಅರ್ಧ ಏರಿನಲ್ಲಿ ಗುರುಸಿದ್ದವ್ವ ಎದುರಾದಳು, ಖಾಲಿ ಕೊಡ ನಡುವಿಗಿಟ್ಟು ಇಳಿದು ಬರುತ್ತಿದ್ದಳು. ಟ್ರಂಕಿನ ಮೂಲೆಯಿಂದ ಬೀಳುವ ಹನಿ ನೋಡಿದಳು. ಒಂದು ಹನಿಯನ್ನು ಬೆರಳಿಗೆ ಹಿಡಿದು ನಾಲಿಗೆಗೆ ಮುಟ್ಟಿಸಿದಳು.

ಕೊಡವನ್ನು ಅಲ್ಲೇ ದಾರಿಯಲ್ಲಿ ಬಿಟ್ಟು, ತಿರುಗಿ ನನ್ನ ಮುಂದೆ ಏರು ಹತ್ತತೊಡಗಿದಳು.

"ಬಾ," ಎಂದಳು, ಒಂದು ವರ್ಷದ ಮೇಲೆ ಮೊದಲ ಮಾತು. "ಎಲ್ಲಿ ಇಳಸಬೇಕು ಅಂತ ನಾ ತೋರಸ್ತೇನಿ."