ಉಗುರಿನಷ್ಟು ಪ್ಲೇಯರಿಗೆ ಮೂವರು ಪಂಡಿತರು

ಮೂವತ್ತು ವರ್ಷ ಚಪ್ಪಲಿ ಅಂಗಡಿಯಲ್ಲಿ ಜನರ ಕಾಲು ನೋಡಿಕೊಂಡೇ ಬದುಕಿದವಳಿಗೆ ಈಗ ಕಾಲು ಬಿಟ್ಟು ಬೇರೇನೂ ಕಾಣದ ಗತಿ ಬಂದಿತ್ತು. ಬಾಗಿಲು ದಾಟಿ ಬಂದವರ ಪಾದದ ಮೇಲೆ ಒಮ್ಮೆ ಕಣ್ಣಾಡಿಸಿದರೆ ಸಾಕು, ಅಳತೆಪಟ್ಟಿ ಮುಟ್ಟದೆ ನಂಬರು ಹೇಳುತ್ತಿದ್ದಳೆಂದು ಅಂಗಡಿಯವರೆಲ್ಲ ಅವಳನ್ನು ಅಳತೆಯಮ್ಮ ಅನ್ನುತ್ತಿದ್ದರು. ಕೆಲಸ ಬಿಟ್ಟ ಮೇಲೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಈಗ ಅಳತೆಯಮ್ಮ ಮಂಚದ ಮೇಲೆ ಬೋರಲು ಬಿದ್ದಿದ್ದಳು. ಮುಖ ಮಂಚದ ತುದಿಯಿಂದಾಚೆ, ಮಗಳು ಹೊಲಿದು ಕಟ್ಟಿದ ದಪ್ಪ ಬಟ್ಟೆಪಟ್ಟಿಯ ಮೇಲೆ ಹಣೆ, ಅದರ ಕೆಳಗೆ ನೆಲದ ಆರು ಚೌಕ. ಅದರಲ್ಲೊಂದರ ಮೂಲೆ ಒಡೆದಿತ್ತು. ಇಷ್ಟೇ ಅವಳ ಪ್ರಪಂಚ.

ಬಲಗಣ್ಣಿನ ಹಿಂದಿನ ಪರದೆ ಕಿತ್ತುಬಂದಿದೆ ಎಂದು ಡಾಕ್ಟರು ಅದನ್ನು ಸರಿಮಾಡಿ, ಒಳಗೊಂದು ಗಾಳಿಗುಳ್ಳೆ ತುಂಬಿ ಕಳಿಸಿದ್ದರು. ಆ ಗುಳ್ಳೆ ಮೇಲಕ್ಕೇರಿ ಪರದೆಯನ್ನು ಒತ್ತಿ ಹಿಡಿಯಬೇಕಾದರೆ ಅವಳು ಹತ್ತು ದಿನ ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಉಣ್ಣುವಾಗಲೂ, ಬಚ್ಚಲಿಗೆ ಹೋಗುವಾಗಲೂ ಗದ್ದ ಎದೆಗೆ ತಾಗಿರಬೇಕು. “ಅಪ್ಪಿತಪ್ಪಿ ಒಂದು ಸಲ ತಲೆ ಎತ್ತಿದ್ರೆ ಪರವಾಗಿಲ್ಲಮ್ಮ. ಮತ್ತೆ ಮತ್ತೆ ಎತ್ತಿದ್ರೆ ಮಾತ್ರ ಕಣ್ಣಿನ ಆಸೆ ಬಿಡಿ,” ಎಂದಿದ್ದರು. ಎಡಗಣ್ಣು ಚಿಕ್ಕಂದಿನಿಂದಲೂ ಹೆಸರಿಗೊಂದು ಕಣ್ಣು. ಎರಡು ಮೊಳದಾಚೆ ಅದಕ್ಕೆ ಎಲ್ಲವೂ ಮಬ್ಬು. ಬಲಗಣ್ಣು ಹೋದರೆ ಅವಳ ಪಾಲಿಗೆ ಎಲ್ಲವೂ ಹೋದಂತೆ.

ಯಾರಿಗೂ ತಲೆ ತಗ್ಗಿಸಿದವಳಲ್ಲ ಅವಳು. ಅಂಗಡಿಯ ಮಾಲೀಕನಿಗೂ ತಗ್ಗಿಸಿರಲಿಲ್ಲ, ಗಂಡ ಇದ್ದಾಗ ಗಂಡನಿಗೂ ಇಲ್ಲ. ಅಂಥವಳು ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಮೂರು ಸಲ ತಲೆ ಎತ್ತಲು ಹೋಗಿ ತಡೆದುಕೊಂಡಿದ್ದಳು. ನೋವಿಗಲ್ಲ, ಬರೀ ಬೇಸರಕ್ಕೆ. ಬೆಳಿಗ್ಗೆ ಒಂಬತ್ತಕ್ಕೆ ಮಗ ಕೆಲಸಕ್ಕೆ ಹೋದರೆ, ಮಧ್ಯಾಹ್ನ ಕೆಳಮನೆಯಾಕೆ ಬಂದು ಊಟ ಕೊಟ್ಟು ಹೋಗುವುದನ್ನು ಬಿಟ್ಟರೆ ಸಂಜೆಯವರೆಗೂ ನರಪಿಳ್ಳೆಯೂ ಸುಳಿಯುವುದಿಲ್ಲ. ಅವಳ ಫೋನೋ, ಮಾತಾಡುವುದೊಂದು ಬಿಟ್ಟು ಇನ್ನೇನೂ ಬಾರದ ಹಳೇ ಡಬ್ಬಿ.

“ಕಿವಿಗೆ ಹಾಕ್ಕೊಳ್ಳೋಕೆ ಹಾಡೋ ಗೀಡೋ ಏನಾದ್ರೂ ತಂದುಕೊಡೋ. ಸಣ್ಣದಾಗಿರ್ಲಿ, ಒತ್ತದೆ ಇದ್ರೆ ಸಾಕು,” ಎಂದು ಸಂಜೆ ಮಗನಿಗೆ ಹೇಳಿದಳು. “ಇಲ್ಲದಿದ್ರೆ ನಾನು ತಲೆ ಎತ್ತಿಬಿಡ್ತೀನಿ, ಹೇಳಿದೀನಿ.”

ಹೇಳಿದ್ದೇ ತಪ್ಪಾಯಿತು.

ಮಗ ವಿಮೆ ಕಂಪನಿಯಲ್ಲಿ ಜಖಂ ಆದ ವಾಹನಗಳನ್ನು ನೋಡಿ ವರದಿ ಬರೆಯುವವನು. ಒಂದು ವಸ್ತುವಿನಲ್ಲಿ ಏನೇನು ಸರಿಯಿಲ್ಲ ಎಂದು ಹುಡುಕುವುದೇ ಅವನ ಕಸುಬು. ಮೂವತ್ತೆಂಟು ದಾಟಿದರೂ ಮದುವೆಯಾಗಿಲ್ಲ ಎಂದರೆ ಹುಡುಗಿಯರ ತಪ್ಪೇನೂ ಇಲ್ಲ, ಇವನು ಅವರ ಮೇಲೂ ವರದಿ ಬರೆದ. ಬಕೆಟ್ಟು ತರಬೇಕೆಂದರೂ ಅಳೆದೂ ಸುರಿದೂ ತಿಂಗಳು ಕಳೆದು, ಕೊನೆಗೆ ಹಿಡಿಯೇ ನಿಲ್ಲದ ಬಕೆಟ್ಟು ತರುವವನು. ಮಾರನೆಯ ಸಂಜೆ ಅವನು ಕಾಗದ ಹಿಡಿದು ಬಂದು ಅಮ್ಮನ ಮುಖದ ಕೆಳಗೆ ನೆಲದ ಮೇಲೆ ಹರವಿದ. ಗೆರೆ ಎಳೆದು ಹದಿನೇಳು ಮನೆ ಮಾಡಿ, ಮನೆಗೊಂದು ಹಾಡು ಕೇಳುವ ಪ್ಲೇಯರಿನ ವಿವರ ಬರೆದಿದ್ದ. ಅವನ ಕಾಲ ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದ. ಒಂದು ಕಾಲಿನಿಂದ ಇನ್ನೊಂದನ್ನು ತುರಿಸುತ್ತ ನಿಂತನೆಂದರೆ ಯೋಚನೆ ನಡೆದಿದೆ ಎಂದರ್ಥ, ತೀರ್ಮಾನ ಮಾತ್ರ ದೂರ.

“ಇದು ಹದಿನೆಂಟು ಗ್ರಾಮು ಅಮ್ಮಾ. ಇದು ಇಪ್ಪತ್ತೆರಡು. ಆದ್ರೆ ಇದರ ಬ್ಯಾಟರಿ ಜಾಸ್ತಿ ಬರುತ್ತೆ.”

“ನಾನೇನು ಅದನ್ನ ಹೊತ್ಕೊಂಡು ಬೆಟ್ಟ ಹತ್ತಬೇಕೇನೋ?”

“ಹಾಗಲ್ಲಮ್ಮಾ. ಇದಕ್ಕೆ ಪುಟ್ಟ ಪರದೆ ಇದೆ. ಹಾಡಿನ ಹೆಸರು ಕಾಣುತ್ತೆ.”

“ಯಾರಿಗೆ?”

ಅವನು ಆ ಮನೆಯಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಗುರುತು ಹಾಕಿದ. ಗುರುತು ಹಾಕಿದ, ಹೊಡೆದುಹಾಕಲಿಲ್ಲ. ತಾನು ಹೆತ್ತದ್ದು ಇದನ್ನೇ ಎಂದು ಅಳತೆಯಮ್ಮ ನೆಲಕ್ಕೆ ನಿಟ್ಟುಸಿರು ಬಿಟ್ಟಳು.

ಇಷ್ಟಕ್ಕೇ ಮುಗಿಯಿತೆ? ಮೂರನೆಯ ಸಂಜೆ ಮಗಳು ಮತ್ತು ಅಳಿಯ ಬಂದರು. ಅಳಿಯ ಡ್ರೈವಿಂಗ್ ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕದಲ್ಲಿ ಕೂತು ತನ್ನ ಕಾಲ ಕೆಳಗಿನ ಬ್ರೇಕು ಒತ್ತಿ ಒತ್ತಿ ಅಭ್ಯಾಸವಾಗಿ, ಬೇರೆಯವರು ಬಾಯಿ ತೆರೆದರೆ ಸಾಕು ಅವನ ಬಲಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು. ಎದುರಿನವರು ಮಾತು ನಿಲ್ಲಿಸುವವರೆಗೂ ಒತ್ತುತ್ತಲೇ ಇರುತ್ತಿತ್ತು. ಇದನ್ನು ಅಳತೆಯಮ್ಮ ಕಂಡದ್ದು ಈಗಲೇ. ಮದುವೆಗೆ ಮುಂಚೆ ಕಂಡಿದ್ದರೆ ಮಗಳನ್ನು ಕೊಡುವ ಮುನ್ನ ಇನ್ನೊಮ್ಮೆ ಯೋಚಿಸುತ್ತಿದ್ದಳು.

“ಅತ್ತೆ, ಕಾಗದ ನೋಡಿ ಗಾಡಿ ಕೊಳ್ಳೋಕಾಗುತ್ತಾ? ಓಡಿಸಿ ನೋಡ್ಬೇಕು,” ಎಂದ ಅಳಿಯ. ತನ್ನಲ್ಲಿ ಕಲಿಯಲು ಬರುವ ಒಬ್ಬ ಅಂಗಡಿಯವನಿಂದ ಮೂರು ಪ್ಲೇಯರು ಎರವಲು ತಂದಿದ್ದ. ಒಂದೊಂದೂ ಹೆಬ್ಬೆರಳ ಉಗುರಿನಷ್ಟು. ಅವಳ ಕುತ್ತಿಗೆಪಟ್ಟಿಗೆ ಒಂದನ್ನು ಸಿಕ್ಕಿಸಿ, ಅದರ ವೈರನ್ನು ಕಿವಿಗೆ ತುರುಕಿ, ಧಡಧಡ ಡೋಲು ಬಡಿಯುವ ಯಾವುದೋ ಹಾಡು ಹಾಕಿದ. ಸರಿಯಾಗಿ ಅರ್ಧ ನಿಮಿಷ.

“ಹೇಗಿದೆ ಅತ್ತೆ?”

“ಚೆನ್ನಾಗಿದೆ. ಇದನ್ನೇ ಇಡಿ, ಮುಗೀಲಿ.”

“ಅಯ್ಯೋ, ಇನ್ನೂ ಎರಡಿದೆ!” ಎಂದು ಕಿತ್ತುಕೊಂಡ.

“ಭಾವ, ಅದರ ಗುಂಡಿ ನೋಡಿದ್ರಾ? ಆರು ತಿಂಗಳಲ್ಲಿ ಕಿತ್ತುಬರುತ್ತೆ,” ಎಂದ ಮಗ.

“ಆರು ತಿಂಗಳು ಯಾರು ಬೋರಲು ಮಲಗ್ತಾರೋ? ಇನ್ನು ಏಳು ದಿನ ಬಾಳಿದ್ರೆ ಸಾಕು,” ಎಂದಳು ಅಳತೆಯಮ್ಮ. ಅದಕ್ಕೆ ಅಳಿಯನ ಬಲಗಾಲು ನೆಲ ಒತ್ತಿತು, ಅಷ್ಟೇ.

“ಕರಿ ಬಣ್ಣದ್ದು ಬೇಡಮ್ಮಾ, ನೀಲಿದು ತಗೋ. ನಿನಗೆ ಒಪ್ಪುತ್ತೆ,” ಎಂದಳು ಮಗಳು. ಪಾರ್ಸೆಲ್ ಆಫೀಸಿನ ಕೌಂಟರಿನಲ್ಲಿ ದಿನವಿಡೀ ನಿಂತು ಅವಳ ಹಿಮ್ಮಡಿ ಒಡೆದಿತ್ತು. ಆದರೂ ಏಳನೇ ನಂಬರಿನ ಕಾಲನ್ನು ಆರನೇ ನಂಬರಿಗೆ ತುರುಕುವ ಚಟ ಹೋಗಿರಲಿಲ್ಲ. ಚಪ್ಪಲಿ ಅಂಗಡಿಯವಳ ಮಗಳ ಕಾಲಿಗೆ ಈ ಗತಿ. ನೆಲ ನೋಡುತ್ತ ಬಿದ್ದವಳಿಗೆ ನೀಲಿಯಾದರೇನು, ಕರಿಯಾದರೇನು?

ಇಂಥವರನ್ನು ಅಳತೆಯಮ್ಮ ಜೀವಮಾನವಿಡೀ ಕಂಡಿದ್ದಳು. ಹನ್ನೊಂದು ಜೊತೆ ತೆಗೆಸಿ, ಡಬ್ಬಿಗಳ ರಾಶಿ ಹಾಕಿಸಿ, ಕನ್ನಡಿ ಮುಂದೆ ಆ ಕಡೆ ಈ ಕಡೆ ನಡೆದಾಡಿ, ಕೊನೆಗೆ ಮೊದಲನೆಯ ಜೊತೆಯನ್ನೇ ಒಯ್ಯುವವರು. “ಮನೆಯವರನ್ನು ಕೇಳಿ ಬರ್ತೀನಿ” ಎಂದು ಹೋಗಿ ಮತ್ತೆಂದೂ ಬಾರದವರು. ಬೇಕಾದವನು ಕಾಲು ಚಾಚುತ್ತಾನೆ, ಬೇಡದವನು ಬಾಯಿ ಚಾಚುತ್ತಾನೆ ಎನ್ನುವುದು ಅವಳು ಆ ಅಂಗಡಿಯಲ್ಲಿ ಕಲಿತ ಪಾಠ. ಈ ಮೂವರದ್ದೂ ಬರೀ ಬಾಯಿ. ಯಾವ ಹಾಡು ಬೇಕು ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ.

ನಾಲ್ಕನೆಯ ಸಂಜೆ ಮೂವರೂ ನೆಲದ ಮೇಲೇ ಕೂತುಬಿಟ್ಟರು. ಟೀ ಲೋಟ, ಬಿಸ್ಕತ್ತಿನ ಪೊಟ್ಟಣ, ಮಗನ ಕಾಗದಗಳು, ಅಳಿಯನ ಮೂರು ಪ್ಲೇಯರು, ವೈರುಗಳ ಸಿಕ್ಕು, ಎಲ್ಲ ಅವಳ ಮೂಗಿನ ಕೆಳಗೆ. ಕೂತಿದ್ದರಿಂದ ಕಾಲಿನ ಜೊತೆಗೆ ಮೊಣಕಾಲು, ಕೈ, ಒಮ್ಮೊಮ್ಮೆ ಬಗ್ಗಿದಾಗ ತಲೆಯೂ ಕಾಣುತ್ತಿತ್ತು. ಮಗನ ನೆತ್ತಿ ಬೋಳಾಗುತ್ತಿರುವುದು ಅವಳಿಗೆ ಆಗ ಗೊತ್ತಾಯಿತು. ಸದ್ದು ಗುಂಯ್ಗುಡಬೇಕೇ ಸ್ಪಷ್ಟವಾಗಿರಬೇಕೇ ಎಂದು ಭಾವ ಮೈದುನರಿಗೆ ಜಟಾಪಟಿ ಹತ್ತಿತು. ತಮ್ಮ ಚಿಕ್ಕವನಿದ್ದಾಗ ಬಣ್ಣದ ಪೆನ್ಸಿಲ್ ಆರಿಸಲು ಅಂಗಡಿಯಲ್ಲಿ ಅರ್ಧ ದಿನ ನಿಂತು, ಕೊನೆಗೆ ಅತ್ತುಬಿಟ್ಟಿದ್ದನ್ನು ಮಗಳು ಎತ್ತಿ ಆಡಿದಳು. ಅಳಿಯ ಬಿದ್ದು ಬಿದ್ದು ನಕ್ಕ. ಮಗ ಮುನಿಸಿಕೊಂಡು ಬಿಸ್ಕತ್ತೆಲ್ಲ ತಿಂದು ಹಾಕಿದ.

“ಬೆಟ್ಟ ಅಗೆದು ಇಲಿ ಹಿಡಿಯೋರನ್ನ ಕೇಳಿದ್ದೆ. ನಿಮಗೆ ಇಲೀನೂ ಸಿಕ್ಕಲ್ಲ,” ಎಂದಳು ಅಳತೆಯಮ್ಮ. “ಮೂರು ಜನ ಓದಿದೋರು, ಒಂದು ಗುಂಡಿಯಷ್ಟು ಸಾಮಾನು ಆರಿಸೋಕೆ ಬರಲ್ಲ. ಥೂ ನಿಮ್ಮ!”

ಬೈದಳು, ಮೂವರೂ ಹೋಗುವವರೆಗೂ ಬೈದಳು. ಆ ದಿನ ತಲೆ ಎತ್ತಬೇಕೆಂದು ಒಂದು ಸಲವೂ ಅನ್ನಿಸಿರಲಿಲ್ಲ. ಅದನ್ನು ಅವಳು ಗಮನಿಸಲಿಲ್ಲ.

ಐದನೆಯ ಸಂಜೆ ಪ್ಲೇಯರು ಬಂತು. ಅಳಿಯ ಮೊದಲು ತಂದ ಮೂರರಲ್ಲಿ ಮೊದಲನೆಯದೇ, ನೀಲಿ ಬಣ್ಣದ್ದು. ಅಂಗಡಿಯಲ್ಲಿ ಇದ್ದಿದ್ದರೆ ಅಳತೆಯಮ್ಮ ಕೌಂಟರಿನ ಹಿಂದೆ ತಿರುಗಿ ನಗುತ್ತಿದ್ದಳು. ಮಗ ಎಂಟು ಸಾವಿರ ಹಾಡು ತುಂಬಿದ್ದ. ಎಂಟು ಸಾವಿರ! ಮುಂದಿನ ಜನ್ಮಕ್ಕೂ ಆಗಿ ಮಿಗುವಷ್ಟು.

“ಇನ್ನು ನಿನಗೆ ಬೇಜಾರು ಅನ್ನೋ ಮಾತೇ ಇಲ್ಲಮ್ಮಾ,” ಎಂದಳು ಮಗಳು. ಎರಡು ಕಿವಿಗೂ ತುರುಕಿ, ಬೆನ್ನು ತಟ್ಟಿ, ಮೂವರೂ ಹೊರಟರು. ಐದು ನಿಮಿಷದಲ್ಲಿ ನೆಲ ಖಾಲಿಯಾಯಿತು.

ಆರನೆಯ ದಿನ ಬೆಳಿಗ್ಗೆಯಿಂದ ಅವಳು ಹಾಡು ಕೇಳಿದಳು. ಹಾಡಿಗೇನೂ ದೋಷವಿರಲಿಲ್ಲ. ಕೊಳಲು ಬಂತು, ಪಿಟೀಲು ಬಂತು, ಯಾರೋ ಒಬ್ಬ ಪ್ರೇಮದಲ್ಲಿ ಸೋತು ಗೋಳಾಡಿದ. ಅವನ ಗೋಳು ಮುಗಿದರೆ ಇನ್ನೊಬ್ಬನದು. ಮಧ್ಯಾಹ್ನ ಕೆಳಮನೆಯಾಕೆ ಬಂದದ್ದು ತಟ್ಟೆ ನೆಲ ಮುಟ್ಟಿದಾಗಲೇ ತಿಳಿಯಿತು. ಕಿವಿಯಲ್ಲಿ ವೈರು ನೋಡಿ ಆಕೆಯೂ ಮಾತಾಡದೆ ಹೋದಳು. ಸಂಜೆಯಾಯಿತು. ಆರು ಗಂಟೆಯ ಹೊತ್ತಿಗೆ ಅಳತೆಯಮ್ಮ ನೆಲದ ಚೌಕಗಳ ಮೇಲೆ ಕಣ್ಣಿಟ್ಟು ಕಾದಳು. ಒಂದು ಹಾಡು ಮುಗಿಯಿತು, ಇನ್ನೊಂದು ಮುಗಿಯಿತು. ಉದ್ದ ಬೆರಳಿನ ಕಾಲು ಒಮ್ಮೆ ಬಂದು, ಒಂದು ಲೋಟ ಇಟ್ಟು, ಹಾಗೇ ತಿರುಗಿ ಹೋಯಿತು. ಬ್ರೇಕು ಒತ್ತುವ ಕಾಲೂ ಬರಲಿಲ್ಲ, ಒಡೆದ ಹಿಮ್ಮಡಿಯೂ ಬರಲಿಲ್ಲ. ಬಂದು ಬಾಗಿಲಲ್ಲೇ ನಿಂತಿದ್ದಾರೋ ಏನೋ, ಹಾಡಿನ ಗದ್ದಲದಲ್ಲಿ ಕೇಳುತ್ತಿಲ್ಲವೋ ಏನೋ ಅನ್ನಿಸಿತು.

ಅಳತೆಯಮ್ಮ ತಲೆ ಎತ್ತಿ ಬಾಗಿಲ ಕಡೆ ನೋಡಿದಳು.

ಎಡಗಣ್ಣಿಗೆ ಬರೀ ಮಬ್ಬು. ಆ ಮಬ್ಬಿನಲ್ಲಿ ಯಾರೂ ನಿಂತಿರಲಿಲ್ಲ. ತಾನು ಮಾಡಿದ್ದು ಏನೆಂದು ಹೊಳೆದ ತಕ್ಷಣ ಹಣೆಯನ್ನು ಪಟ್ಟಿಗೆ ಒತ್ತಿದಳು. ಆಪರೇಷನ್ ಟೇಬಲ್ಲಿನ ಮೇಲೂ ಹೆದರದವಳು ಈಗ ಹೆದರಿದಳು. ಇವತ್ತು ಒಂದು ಸಲ ಎತ್ತಿದವಳು ನಾಳೆ ನಾಲ್ಕು ಸಲ ಎತ್ತುತ್ತಾಳೆ. ತನ್ನ ಯೋಗ್ಯತೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಿವಿಯಿಂದ ವೈರು ಕಿತ್ತಳು. ಮನೆ ಸದ್ದಿಲ್ಲದೆ ಬಿದ್ದಿತ್ತು. ಒಳಕೋಣೆಯಲ್ಲಿ ಮಗ ಯಾರ ಕಾರಿನ ಬಗ್ಗೆಯೋ ವರದಿ ಬರೆಯುತ್ತಿದ್ದ. ನಾಲ್ಕು ದಿನ ಅವಳ ತಲೆಯನ್ನು ಕೆಳಗೆ ಹಿಡಿದಿದ್ದದ್ದು ಆ ಮೂರು ಮೂರ್ಖರ ಜಗಳ ಎಂದು ಅವಳಿಗೆ ಆಗ ತಿಳಿಯಿತು. ತಿಳಿದು ನಾಚಿಕೆಯಾಯಿತು. ಅವರ ಮೇಲೆ ಸಿಟ್ಟೂ ಬಂತು. ಒಂದು ಉಗುರಿನಷ್ಟು ಡಬ್ಬಿ ಕೊಟ್ಟು ತಮ್ಮ ಲೆಕ್ಕ ಚುಕ್ತಾ ಮಾಡಿಕೊಂಡವರು!

ಬಂದು ಕೂತುಕೊಳ್ಳಿ ಎಂದು ಬೇಡುವುದೇ? ಅದು ಅವಳ ಜಾಯಮಾನದಲ್ಲೇ ಇರಲಿಲ್ಲ. ಆದರೆ ಏಳಲು ಹೊರಟ ಗಿರಾಕಿಯನ್ನು ಕೂರಿಸುವುದು ಹೇಗೆಂದು ಮೂವತ್ತು ವರ್ಷ ಅದನ್ನೇ ಮಾಡಿದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಲೋ, ಬಾರೋ ಇಲ್ಲಿ!” ಎಂದು ಕೂಗಿದಳು. “ಇದೇನೋ ಇದು, ಎಡಗಿವೀಲಿ ಸದ್ದೇ ಸರಿಯಾಗಿ ಬರ್ತಿಲ್ಲ.”

ಅಷ್ಟು ಸಾಕಾಯಿತು. ಮಗ ಫೋನು ಮಾಡಿದ. ಮುಕ್ಕಾಲು ಗಂಟೆಯಲ್ಲಿ ಆರು ಕಾಲೂ ಚೌಕಗಳ ಮೇಲೆ ಹಾಜರು.

“ನಾನು ಆವತ್ತೇ ಹೇಳಿರ್ಲಿಲ್ವಾ ಭಾವ, ಅದರ ಗುಂಡೀನೇ ಸರಿ ಇಲ್ಲ ಅಂತ?”

“ನಿನ್ನ ಕಾಗದ ನಂಬಿದ್ದಕ್ಕೇ ಹೀಗಾಗಿದ್ದು ಕಣಯ್ಯ!” ಬಲಗಾಲು ನೆಲ ಒತ್ತಿತು.

“ಇಬ್ಬರೂ ಸ್ವಲ್ಪ ಸುಮ್ಮನಿರಿ, ನಾನು ನೋಡ್ತೀನಿ,” ಎಂದು ಮಗಳು ಮಂಚದ ಪಕ್ಕ ಕೂತು, ವೈರನ್ನು ತನ್ನ ಎಡಗಿವಿಗೆ ಸಿಕ್ಕಿಸಿಕೊಂಡಳು. ಹಾಡು ಖಣಿಖಣಿ ಬರುತ್ತಿರುವುದು ಅಳತೆಯಮ್ಮನಿಗೇ ಕೇಳಿಸುತ್ತಿತ್ತು. ಮಗಳ ಕಾಲಿನ ಬೆರಳುಗಳು ಅಲುಗದೆ ನಿಂತವು. ಹಾಡಿನ ಒಂದು ಚರಣ ಪೂರ್ತಿ ಮುಗಿಯಿತು. ಅಳತೆಯಮ್ಮ ಮೂಲೆ ಒಡೆದ ಚೌಕವನ್ನೇ ನೋಡಿದಳು.

“ಹೌದು,” ಎಂದಳು ಮಗಳು. ಅವಳ ಕೈ ಅಮ್ಮನ ಬೆನ್ನ ಮೇಲೆ ಬಂದು ಕೂತಿತು. “ಎಡಗಡೆ ಏನೂ ಕೇಳಿಸ್ತಿಲ್ಲ. ಇದು ಆಗಲ್ಲ, ವಾಪಸ್ ಕೊಡಬೇಕು.”

ಮಗ ಆಗಲೇ ಕಾಗದ ತಂದು ಹರವಿದ್ದ. ಅಳಿಯ ಟೀಗೆ ಹೇಳಿ ಚಕ್ಕಳಮಕ್ಕಳ ಹಾಕಿ ಕೂತ.

“ಈ ಸಲ ಅವಸರ ಮಾಡೋದು ಬೇಡಮ್ಮಾ,” ಎಂದ ಮಗ, ಪೆನ್ಸಿಲು ಚೂಪು ಮಾಡುತ್ತ. “ಸರಿಯಾಗಿ ನೋಡಿ ಆರಿಸ್ಬೇಕು ಅಂದ್ರೆ ಇನ್ನೂ ನಾಲ್ಕು ದಿನವಾದ್ರೂ ಬೇಕಾಗುತ್ತೆ.”

“ನಾಲ್ಕು ದಿನ ಬೇಕೇ ಬೇಕು,” ಎಂದಳು ಅಳತೆಯಮ್ಮ.